ದೂಮಣ್ಣನ ರಜೆ ಅರ್ಜಿ

ಮೊನ್ನೆ ಮನೆಯ ಹಂಚು ಬದಲಿಸಲು ಆಳುಗಳು ಬಂದಿದ್ದರು. ಹಳೆಯ ಹಂಚು ಇಳಿಸುವಾಗ ಎದ್ದ ಕೆಂಪು ಧೂಳಿಗೆ ನನಗೆ ಸೀನು ಬಂತು. ಸೀನಿನ ಬೆನ್ನಿಗೇ ದೂಮಣ್ಣನ ನೆನಪೂ ಬಂತು. ಇದರಲ್ಲಿ ಕಾವ್ಯವೇನೂ ಇಲ್ಲ. ಅವರು ನಮ್ಮ ಜಗಲಿಗೆ ಕಾಲಿಟ್ಟಾಗಲೆಲ್ಲ ನಾನು ಸೀನುತ್ತಿದ್ದೆ, ಅಷ್ಟೆ.

ಬ್ರಿಟಿಷರ ಕಾಲದ ಮಾತು. ದೂಮಣ್ಣ ಬೋಳಾರದ ಒಂದು ಹಂಚಿನ ಕಾರ್ಖಾನೆಯಲ್ಲಿ ರೈಟರು, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ. ವಯಸ್ಸು ನಲವತ್ತೈದರ ಮೇಲೆ. ಹೊಸದಾಗಿ ಬಂದ ದೊರೆ, ದಿನದ ವರದಿಯನ್ನು ರೈಟರುಗಳೇ ಇಂಗ್ಲಿಷಿನಲ್ಲಿ ಬರೆಯಬೇಕು, ಬಾರದವರು ಮೇಜು ಬಿಟ್ಟು ಅಂಗಳದ ಕೆಲಸಕ್ಕೆ ಇಳಿಯಬೇಕು ಎಂದು ಹುಕುಂ ಮಾಡಿದ್ದ. ಮೇಜು ಉಳಿಸಿಕೊಳ್ಳಲು ದೂಮಣ್ಣ ದಿನಾ ಸಂಜೆ ನನ್ನ ಹತ್ತಿರ ಪಾಠಕ್ಕೆ ಬರತೊಡಗಿದರು. ನಾನಾಗ ಕಾಲೇಜು ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ಇಪ್ಪತ್ತೆರಡರ ತರುಣ. ಇಬ್ಬರ ಮನೆಮಾತೂ ತುಳುವೇ. ಆದರೂ ತುಳುವಿನಲ್ಲಿ ಹೇಳಿದರೆ ಪಾಠ ಹಗುರಾಗುತ್ತದೆಂದು ಅವರಿಗೆ ಅನುಮಾನ. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು.

ನನಗೆ ಆ ದಿನಗಳಲ್ಲಿ ಕ್ರಿಯಾಪದದ ಕಾಲಗಳ ಹುಚ್ಚು. ಜಗಲಿಯ ಗೋಡೆಯ ಮೇಲೆ ಇದ್ದಲಿನಲ್ಲಿ ಹನ್ನೆರಡು ಕೋಣೆ ಬರೆದು, ಇಂಗ್ಲಿಷಿನ ಒಂದೊಂದು ಕಾಲವನ್ನೂ ಒಂದೊಂದು ಕೋಣೆಯಲ್ಲಿ ಕೂರಿಸಿದ್ದೆ. ಲೋಕದ ಸಕಲ ಸಂಗತಿಯೂ ಅಲ್ಲಿ ಹಿಡಿಸುತ್ತದೆಂದು ನಂಬಿದ್ದೆ. ಗೋಡೆ ಹಾಳು ಮಾಡಿದ್ದಕ್ಕೆ ಅಮ್ಮ ಬೈದದ್ದು ಬೇರೆ ವಿಷಯ. ದೂಮಣ್ಣ ಆ ಕೋಣೆಗಳಿಗೆ ತಮ್ಮ ಹಂಚುಗಳನ್ನೇ ತುಂಬಿದರು. ನೆರಳಲ್ಲಿ ಒಣಗುತ್ತಾ ಇರುವ ಹಂಚು ಒಂದು ಕೋಣೆಗೆ, ಬೆಂದು ಮುಗಿದದ್ದು ಇನ್ನೊಂದಕ್ಕೆ, ನಾಳೆ ಹಡಗಿಗೆ ಏರುವುದು ಮತ್ತೊಂದಕ್ಕೆ. ನನ್ನ ಜೊತೆ ಓದಿದ ಹುಡುಗರಿಗಿಂತ ಬೇಗ ಕಲಿತರು.

ಮಳೆಗಾಲದ ಆಟಿ ತಿಂಗಳಲ್ಲಿ ಒಂದು ದಿನ, ತಾವೇ ಇಂಗ್ಲಿಷಿನಲ್ಲಿ ಬರೆದ ರಜೆ ಅರ್ಜಿ ತಂದು ತೋರಿಸಿದರು. ನನ್ನ ಮಗಳು ಗಿರಿಜಳಿಗೆ ಹದಿನೆಂಟು ವರ್ಷ, ಗುರುವಾರ ಅವಳ ಮದುವೆ, ಎರಡು ದಿನ ರಜೆ ಬೇಕು ಎಂದಿತ್ತು. ಒಂದೂ ತಪ್ಪಿಲ್ಲ. ಬೆನ್ನು ತಟ್ಟುವಷ್ಟು ಖುಷಿಯಾಗಿ, ಮಗಳ ವಿಷಯ ಇಷ್ಟು ದಿನ ಹೇಳಲೇ ಇಲ್ಲವಲ್ಲ ಎಂದೆ. ಅವಳು ನಾಲ್ಕು ವರ್ಷದವಳಿದ್ದಾಗ ಜ್ವರದಲ್ಲಿ ಹೋದಳು ಎಂದರು, ಮನೆ ಎಲ್ಲಿ ಎಂದು ಕೇಳಿದವರಿಗೆ ದಾರಿ ಹೇಳುವಂತೆ.

ನನಗೆ ಗೊತ್ತಾಯಿತು. ಮದುವೆಯಾಗದೆ ಸತ್ತ ಮಕ್ಕಳು ಆ ಲೋಕದಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಹಾಗೆಯೇ ತೀರಿಹೋದ ಒಂದು ಗಂಡನ್ನು ಹುಡುಕಿ ಮದುವೆ ಮಾಡಬೇಕು ಎನ್ನುವುದು ನಮ್ಮೂರಿನ ಎಷ್ಟೋ ಮನೆಗಳ ಕಟ್ಟಳೆ. ಗಿರಿಜಳಿಗೆ ಕುಲಶೇಖರ ಎಂಬ ಊರಿನಲ್ಲಿ ಹಾಗೆ ತೀರಿಹೋದ ಒಬ್ಬ ಹುಡುಗ ಒದಗಿದ್ದ.

ಆದರೆ ಹದಿನಾಲ್ಕು ವರ್ಷದ ಹಿಂದೆ ಮಗಳ ಸಾವಿಗೆ ರಜೆ ಕೇಳಿದ ಕಾಗದ ಕಾರ್ಖಾನೆಯ ಕಡತದಲ್ಲಿತ್ತು. ಇದನ್ನು ಕೊಟ್ಟರೆ ಸುಳ್ಳುಗಾರ ಎನಿಸಿಕೊಂಡು ಮೇಜು ಕಳೆದುಕೊಳ್ಳುತ್ತೀರಿ ಎಂದು ಹೆದರಿಸಿದೆ. ನಾನೇ ಪೆನ್ಸಿಲ್ ಹಿಡಿದು, ನನಗೊಬ್ಬಳು ಮಗಳಿದ್ದಳು, ಸತ್ತಳು, ಅವಳ ಹೆಸರಿನಲ್ಲಿ ಒಂದು ಶಾಸ್ತ್ರವಿದೆ ಎಂದು ಹೊಸದಾಗಿ ಬರೆದುಕೊಟ್ಟೆ. ದೂಮಣ್ಣ ಅದನ್ನು ಬೆರಳಿಟ್ಟು ಓದಿದರು. ಬಹಳ ಹೊತ್ತು ಓದಿದರು.

"ನೀವು ಬರೆದದ್ದು ಸರಿ ಉಂಟು ಮಾಸ್ಟ್ರೇ. ಆದರೆ ಇದರಲ್ಲಿ ಮದುಮಗಳೇ ಇಲ್ಲವಲ್ಲ."

ತಮ್ಮ ಅರ್ಜಿಯನ್ನೇ ಕೊಟ್ಟರು. ದೊರೆ ಕಡತ ತೆಗೆಸಿದ, ರಜೆ ಇಲ್ಲ ಎಂದ. ದೂಮಣ್ಣ ಮದುವೆ ಮಾಡಿಯೇ ಮಾಡಿದರು. ನಾನೂ ಹೋಗಿದ್ದೆ. ಎರಡು ಮಣೆಯ ಮೇಲೆ ಸೀರೆ, ಪಂಚೆ, ಮಲ್ಲಿಗೆ. ಗಂಡಿನ ಕಡೆಯವರು ಸಾರು ಸಪ್ಪೆ ಎಂದು ಗೊಣಗಿದರು. ದೂಮಣ್ಣನ ಹೆಂಡತಿ ಬೀಗಿತಿಯ ಕೈ ಹಿಡಿದು, ಹುಡುಗಿ ಹಸಿವೆ ತಡೆಯುವವಳಲ್ಲ ಎಂದು ಒಪ್ಪಿಸಿಕೊಟ್ಟರು. ಊಟದ ಎಲೆಯ ಮುಂದೆ ಕುಳಿತಿದ್ದ ನನಗೆ ನಾನು ಬರೆದುಕೊಟ್ಟ ಅರ್ಜಿ ನೆನೆದು ನಾಚಿಕೆಯಾಯಿತು.

ಮೇಜು ಹೋಯಿತು. ದೂಮಣ್ಣ ಅಂಗಳಕ್ಕೆ ಇಳಿದರು. ಇನ್ನು ಇಂಗ್ಲಿಷು ಯಾಕೆ ಎಂದು ನಾನು ಅಂದುಕೊಂಡಿದ್ದರೆ, ಸೋಮವಾರ ಸಂಜೆ ಮೊದಲಿಗಿಂತ ಹೆಚ್ಚು ಧೂಳು ಹೊತ್ತು ಬಂದು, ಇನ್ನೂ ಮೂರು ಕೋಣೆ ಬಾಕಿ ಉಂಟಲ್ಲ ಎಂದು ಚಾಪೆ ಬಿಡಿಸಿದರು. ಆ ಮೂರನ್ನು ಕಲಿಸುವಾಗ ನನ್ನ ಗಂಟಲಲ್ಲಿ ಮೊದಲಿನ ಜೋರು ಇರಲಿಲ್ಲ.

ಮೊನ್ನೆ ಆಳುಗಳ ಮೇಸ್ತ್ರಿ ಹಂಚಿನ ಮಾಡಿನ ಮೇಲಿಂದಲೇ, ಗಾಜಿನ ಹಂಚು ಒಂದು ಉಳಿದಿದೆ, ಎಲ್ಲಿ ಹಾಕುವುದು ಎಂದು ಕೇಳಿದ. ಅಡುಗೆಮನೆಯ ಒಲೆಯ ನೇರಕ್ಕೆ ಹಾಕು ಎಂದೆ.

"ನಮ್ಮ ಮನೆಯವಳಿಗೆ ಕತ್ತಲೆಯಲ್ಲಿ ಕೆಲಸ ಮಾಡಿದರೆ ತಲೆ ನೋಯ್ತದೆ."

ಅವಳು ಹೋಗಿ ಎರಡು ವರ್ಷವಾಯಿತು. ಮೇಸ್ತ್ರಿಗೂ ಅದು ಗೊತ್ತು. ನಾನು ತಿದ್ದಿಕೊಳ್ಳಲು ಹೋಗಲಿಲ್ಲ. ಅವನು ಗಾಜಿನ ಹಂಚನ್ನು ಒಲೆಯ ನೇರಕ್ಕೆ ಕೂರಿಸಿ, ಬೆಳಕು ಸಾಕಾ ನೋಡಿ ಎಂದ.