ಗೌರಿಯ ಕೋಪಕ್ಕೆ ಸಾಕ್ಷಿ

‘ಗೌರಿಗೆ ಕೋಪ ಹೋಗಿದೆ. ಯಾಕೆಂದರೆ ಅವಳು ಒಳ್ಳೆಯವಳು.’

ಕಳೆದ ಭಾನುವಾರ ಎಂಟು ನೋಟ್‌ಬುಕ್ಕುಗಳಲ್ಲಿ ಇದೇ ಉತ್ತರ ಓದಿ ನನಗೆ ತಲೆ ಕೆಟ್ಟುಹೋಯಿತು. ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆ ವರಾಂಡದಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಕತೆ ಓದಿಸಿ, ಅದರ ಬಗ್ಗೆ ಬರೆಸುತ್ತೇನೆ. (ಟ್ಯೂಷನ್ ಅಲ್ಲ. ಫೀಸಿಲ್ಲ, ಬಿಸ್ಕತ್ತಿದೆ.)

ಅವತ್ತಿನ ಕತೆ ಒಂದೇ ಪುಟದ್ದು. ಗೌರಿಗೂ ಪಕ್ಕದ ಮನೆ ರತ್ನಮ್ಮನಿಗೂ ಜಗಳ. ಮಾರನೇ ದಿನ ಬೀದಿ ನಲ್ಲಿಯಲ್ಲಿ ನೀರು ಬರುತ್ತದೆ. ರತ್ನಮ್ಮ ಮನೆಯೊಳಗಿದ್ದಾಳೆ. ‘ಗೌರಿ ಅವಳ ಬಿಂದಿಗೆಯನ್ನೂ ತುಂಬಿಸಿ, ಮಾತಿಲ್ಲದೆ ಬಾಗಿಲಲ್ಲಿಟ್ಟು ಬಂದಳು.’ ಅಲ್ಲಿಗೆ ಕತೆ ಮುಗಿಯಿತು. ಗೌರಿಗೆ ಕೋಪ ಹೋಗಿದೆಯೇ? ಇದು ನನ್ನ ಪ್ರಶ್ನೆ.

“ಒಳ್ಳೆಯವಳು ಅಂತ ಕತೇಲಿ ಎಲ್ಲಿದೆ? ಸಾಲಿನ ಮೇಲೆ ಬೆರಳಿಟ್ಟು ತೋರಿಸಿ,” ಅಂದೆ. ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಒಂದೊಂದೇ ಬೆರಳು ಬಿಂದಿಗೆ ತುಂಬಿಸಿದ ಸಾಲಿಗೆ ಬಂತು.

“ಹಾಂ, ಅದನ್ನ ಬರೀರಿ. ಅದೇ ಸಾಕ್ಷಿ.” ನನಗೆ ಖುಷಿಯೋ ಖುಷಿ. ಇಷ್ಟು ಕಲಿಸಿದರೆ ಸಾಕಲ್ಲವೇ?

ಒಂಬತ್ತನೇ ನೋಟ್‌ಬುಕ್ಕು ನಂದಿನಿಯದು. ಕ್ಯಾಸಂಬಳ್ಳಿಯಿಂದ ಬಸ್ಸಲ್ಲಿ ಬರುವ, ಹೆಚ್ಚು ಬಾಯಿ ಬಿಡದ ಆರನೇ ಕ್ಲಾಸಿನ ಹುಡುಗಿ. ‘ಕೋಪ ಹೋಗಿಲ್ಲ’ ಎಂದು ಬರೆದು, ಕೆಳಗೆ ಅದೇ ಸಾಲನ್ನು ಕೊಟ್ಟಿದ್ದಳು. ಸಾಲು ಸರಿ, ಉತ್ತರ ತಪ್ಪು ಅಂದುಕೊಂಡು ಕೆಂಪು ಪೆನ್ನಲ್ಲಿ ಇಂಟು ಹಾಕಿದೆ. (ಕೇಳಬೇಕಿತ್ತು. ಕೇಳಲಿಲ್ಲ.)

ಬಿಸ್ಕತ್ತು ಹಂಚುವಾಗ ನೋಡಿದರೆ, ಅವಳು ಪೆನ್ಸಿಲ್ಲಿನಲ್ಲಿ ಬರೆದಿದ್ದನ್ನು ರಬ್ಬರಿನಿಂದ ಉಜ್ಜುತ್ತಿದ್ದಾಳೆ.

“ಯಾಕೆ ಕಣೇ ಹಾಗೆ ಬರೆದಿದ್ದೆ?”

“ನೀರು ಬಂದ್ರೆ ನಮ್ಮ ಬೀದೀಲಿ ಎಲ್ರೂ ಕೂಗ್ತಾರೆ ಮಿಸ್. ಅಕ್ಕಾ, ನೀರು ಬಂತು ಅಂತ. ಕೋಪ ಇದ್ರೇನೇ ಕೂಗಲ್ಲ. ನಮ್ಮಮ್ಮಾನೂ ಅಂಗೇ. ದೊಡ್ಡಮ್ಮನ ಮೇಲೆ ಸಿಟ್ಟಿದ್ರೆ ಬಿಂದಿಗೆ ತುಂಬಿಸಿ ಬಾಗ್ಲತ್ರ ಇಟ್ಟು ಬತ್ತಾಳೆ, ಕರಿಯಲ್ಲ. ನೀರು ವೇಸ್ಟ್ ಮಾಡಕ್ಕಾಗಲ್ವಲ್ಲ.”

‘ಮಾತಿಲ್ಲದೆ.’ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಮನೆಯಲ್ಲೇ ಬೋರ್‌ವೆಲ್ ಇರುವವಳಿಗೆ ಹೇಗೆ ಬೀಳಬೇಕು? ಮಕ್ಕಳಿಗೆ ಸಾಲಿನ ಮೇಲೆ ಬೆರಳಿಡಿ ಎಂದ ನಾನೇ ಅರ್ಧ ಸಾಲಷ್ಟೇ ಓದಿದ್ದೆ. ನಿಜಕ್ಕೂ ನಾಚಿಕೆಯಾಯಿತು. ಇಂಟು ಅಳಿಸಲಾಗದೆ ಅದರ ಮೇಲೇ ದೊಡ್ಡದಾಗಿ ರೈಟ್ ಹಾಕಿ, ಸಾರಿ ಅಂದೆ.

ನಂದಿನಿ ರಬ್ಬರ್ ಕೆಳಗಿಡಲಿಲ್ಲ.

“ಮಿಸ್, ಈಗ ಕತೇಲಿರೋದು ಬರೀಲಾ, ನಿಮ್ಗೆ ಬೇಕಾಗಿರೋದು ಬರೀಲಾ?”