ಅಕ್ಕತಂಗಿಯರ ಎರಡು ಮೊಳ

ಇವತ್ತು ಒಂದು ಕೌದಿಯಿಂದ ನನ್ನ ಮೀಸೆಗೇ ಕುತ್ತು ಬಂದಿತ್ತು ಕಣ್ರಪ್ಪ.

ನನ್ನ ಹೆಂಡತಿ ಗಂಗಮ್ಮ ಮತ್ತು ಗುಡೇಕೋಟೆಯಿಂದ ಬಂದ ಅವಳ ಅಕ್ಕ ನಾಗಮ್ಮ ಸೇರಿ, ಹಳೆ ಸೀರೆಗಳಿಂದ ನಮ್ಮ ಮಗಳ ಕೂಸಿಗೆ ಕೌದಿ ಹೊಲಿದು ಪಡಸಾಲೆಯಲ್ಲಿ ಹಾಸಿದರು. ನೋಡಿದರೆ ಒಂದು ತುದಿ ಅಗಲ, ಇನ್ನೊಂದು ಗಿಡ್ಡ.

"ನಾ ಎರಡು ಮೊಳ ಅಳದ ಹೊಲ್ದೀನಿ," ಎಂದಳು ನಾಗಮ್ಮ.

"ನಾನೂ ಎರಡ ಮೊಳ," ಎಂದಳು ಗಂಗಮ್ಮ.

ಇಬ್ಬರದ್ದೂ ಸುಳ್ಳಲ್ಲ. ಒಬ್ಬೊಬ್ಬಳು ಒಂದೊಂದು ತುದಿ ಹಿಡಿದು ತನ್ನ ತನ್ನ ಕೈಯಲ್ಲೇ ಅಳೆದಿದ್ದಾಳೆ. ನಾಗಮ್ಮನ ಕೈ ಒನಕೆಯಷ್ಟು, ನನ್ನವಳದ್ದು ಸೌಟಿನಷ್ಟು.

ಹೆಚ್ಚಾದ ನಾಲ್ಕು ಬೆರಳಗಲದ ಬಟ್ಟೆ ಕತ್ತರಿಸಿ ಚೌಕ ಮಾಡೋಣವೆಂದು ಕತ್ತರಿ ತಂದೆ. ನಾಗಮ್ಮ ಕೌದಿಯ ಮೇಲೇ ಕೂತುಬಿಟ್ಟಳು.

"ಈ ಅಂಚಿನಾಗ ನಮ್ಮವ್ವನ ಸೀರಿ ಸೆರಗ ಐತಿ. ಆಕಿದು ಉಳದಿದ್ದ ಇಷ್ಟು. ಕತ್ರಿ ಹಾಕಿದ್ರ ನಿನ್ನ ಮೀಸಿ ಬೋಳಸ್ತೀನಿ ನೋಡು!"

ನನಗೂ ಸಿಟ್ಟು ನೆತ್ತಿಗೇರಿತು. "ನಾಳಿ ಬೀಗರು ಬಂದು ಕೂಸನ್ನ ತಮ್ಮೂರು ಹಲವಾಗಲಿಗೆ ಕರ್ಕೊಂಡ ಹೋಗ್ತಾರ. ಇಂಥ ಸೊಟ್ಟ ಕೌದಿ ನೋಡಿ ಬೀಗರು ನಗ್ಲೇನು?" ಎಂದು ಕೂಗಿದೆ.

"ಅಗಲದ ಕಡಿ ಯಾಕ ಕತ್ತರಿಸ್ಬೇಕ್ರಿ? ಗಿಡ್ಡದ ಕಡಿ ಸೇರ್ಸಿದ್ರಾತು," ಎನ್ನುತ್ತಾ ಗಂಗಮ್ಮ ಹಗ್ಗದ ಮೇಲಿದ್ದ ನನ್ನ ಹೊಸ ಲುಂಗಿ ಎಳೆದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅದರ ಅಂಚಿನಿಂದ ಓರೆಯಾಗಿ ಒಂದು ಪಟ್ಟಿ ಕತ್ತರಿಸಿ, ಅಕ್ಕತಂಗಿಯರು ಕೌದಿಗೆ ಹಚ್ಚಿಯೂ ಬಿಟ್ಟರು.

ಕೌದಿ ಈಗ ಮೂಲೆಗೆ ಮೂಲೆ ಸರಿಯಾಗಿದೆ. ಉಳಿದ ಲುಂಗಿಯನ್ನು ನಾನೇ ಉಟ್ಟಿದ್ದೇನೆ. ಎಡಗಾಲಿಗೆ ಪೂರ್ತಿ ಇದೆ, ಬಲಗಾಲಿಗೆ ಸಾಲದು. ನಾಳೆ ಬೀಗರು ಬಂದು ಹೋಗುವವರೆಗೂ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.