ಹಸಿರು ದಾರದ ಸುಳ್ಳು

ಆಗೆಲ್ಲ ವಡೋದರಾದಲ್ಲಿ ಜನವರಿ ಬಂತೆಂದರೆ ಮಕ್ಕಳು ನೆಲ ನೋಡಿ ನಡೆಯುತ್ತಿರಲಿಲ್ಲ. ತಲೆ ಎತ್ತಿಕೊಂಡೇ ಶಾಲೆಗೆ ಹೋಗಿ ತಲೆ ಎತ್ತಿಕೊಂಡೇ ಮನೆಗೆ ಬರುತ್ತಿದ್ದೆವು. ನಡುವೆ ಗಟಾರಕ್ಕೆ ಕಾಲಿಟ್ಟವರು, ಎಮ್ಮೆಗೆ ಹಾಯ್ದವರು ದಿನಕ್ಕೊಬ್ಬರಾದರೂ ಇರುತ್ತಿದ್ದರು. ನಮ್ಮ ಸಂಕ್ರಮಣವೇ ಅಲ್ಲಿಯವರಿಗೆ ಉತ್ತರಾಯಣ. ಆ ದಿನ ಇಡೀ ಊರು ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತದೆ. ಅದಕ್ಕೆ ಹದಿನೈದು ದಿನ ಮೊದಲೇ ರಸ್ತೆ ಬದಿಯಲ್ಲಿ ಎರಡೆರಡು ಕಂಬ ನೆಟ್ಟು, ನಡುವೆ ದಾರ ಎಳೆದು, ಎದುರಾಳಿಯ ದಾರ ಕತ್ತರಿಸುವಂತೆ ಅದಕ್ಕೆ ಅನ್ನದ ಅಂಟು, ಬಣ್ಣ, ಗಾಜಿನ ಪುಡಿ ಹಚ್ಚುವ ಕೆಲಸ ಶುರುವಾಗುತ್ತಿತ್ತು. ಇವತ್ತಿಗೂ ಗಂಜಿ ಹಾಕಿದ ಬಟ್ಟೆಯ ವಾಸನೆ ಬಂದರೆ ನನಗೆ ಆ ಬಿಸಿಲು, ಆ ಒಣಗುವ ದಾರ ನೆನಪಿಗೆ ಬರುತ್ತದೆ. ಅದರ ಹಿಂದೆಯೇ ನಾನು ಮಾಡಿದ ತಪ್ಪೂ ಬರುತ್ತದೆ.

ನಮ್ಮಪ್ಪ ರೈಲ್ವೆಯಲ್ಲಿ ಫಿಟ್ಟರ್. ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಏಳೆಂಟು ತಿಂಗಳಾಗಿತ್ತಷ್ಟೆ. ನನಗೆ ಹತ್ತು ವರ್ಷ. ಗುಜರಾತಿ ಅರ್ಥವಾಗುತ್ತಿತ್ತು, ಆಡಲು ಹೋದರೆ ನಾಲಿಗೆ ತೊಡರುತ್ತಿತ್ತು. ಕಾಲೊನಿಯ ಹುಡುಗರು ನನ್ನನ್ನು ‘ಮದ್ರಾಸಿ’ ಎಂದು ಕರೆಯುತ್ತಿದ್ದರು. ಅವರ ಮುಂದಾಳು ಹಸ್ಮುಖ, ಪಕ್ಕದ ಕ್ವಾರ್ಟರ್ಸಿನ ರಸಿಕಭಾಯಿಯ ಮಗ. ಅವನು ಗಾಳಿಪಟ ಹಾರಿಸುವಾಗ ದಾರ ಸುತ್ತಿದ ಫಿರ್ಕಿಯನ್ನು ಎರಡು ಕೈಯಲ್ಲಿ ಹಿಡಿದು ಹಿಂದೆ ನಿಲ್ಲುವುದು ನನ್ನ ಕೆಲಸ. ಬಿಡು ಅಂದರೆ ಬಿಡಬೇಕು, ಸುತ್ತು ಅಂದರೆ ಸುತ್ತಬೇಕು. ಗಾಳಿಪಟದ ದಾರವನ್ನು ಒಮ್ಮೆಯೂ ನನ್ನ ಬೆರಳಿಗೆ ಕೊಟ್ಟವನಲ್ಲ.

ಕಾಲೊನಿಯ ಗೇಟಿನ ಹೊರಗೆ ದಾರಕ್ಕೆ ಬಣ್ಣ ಹಾಕುತ್ತಿದ್ದವಳು ಮಂಜುಮಾಸಿ. ಅಲ್ಲಿ ಚಿಕ್ಕಮ್ಮನಿಗೆ ಮಾಸಿ ಎನ್ನುತ್ತಾರೆ. ಕಾಲೊನಿಯ ಮಕ್ಕಳಿಗೆಲ್ಲ ಅವಳು ಮಾಸಿಯೇ. ಗಂಡ ತೀರಿಹೋದ ಮೇಲೆ ಅವನ ಕಂಬಗಳ ಮಧ್ಯೆ ತಾನೇ ನಡೆಯತೊಡಗಿದ್ದಳು. ಅಂಗೈಗೆ ಹಳೇ ಬಟ್ಟೆ ಸುತ್ತಿಕೊಂಡು, ಅಂಟಿನ ಮುದ್ದೆ ಹಿಡಿದು, ಬೆಳಗಿನಿಂದ ಸಂಜೆಯವರೆಗೆ ಆ ಕಂಬದಿಂದ ಈ ಕಂಬಕ್ಕೆ. ವರ್ಷದ ಉಳಿದ ದಿನ ಮನೆಗೆಲಸ ಮಾಡುತ್ತಿದ್ದಳಾದರೂ ಅವಳ ಮನೆ ನಡೆಯುತ್ತಿದ್ದದ್ದು ಈ ಹದಿನೈದು ದಿನದ ದುಡಿಮೆಯಿಂದ. ಎಲ್ಲರೂ ಗುಲಾಬಿ ಬಣ್ಣ ಹಾಕಿದರೆ ಇವಳು ಸೀಸೆಯಂಥ ದಟ್ಟ ಹಸಿರು ಹಾಕುತ್ತಿದ್ದಳು. ಆ ಹಸಿರು ಸುತ್ತಮುತ್ತ ಬೇರೆ ಯಾರಲ್ಲೂ ಇರಲಿಲ್ಲ.

ಹಬ್ಬಕ್ಕೆ ಒಂಬತ್ತು ದಿನ ಇರುವಾಗ ವಿಮಾನ ಬಿತ್ತು.

ಊರ ಹೊರಗೆ ತರುಣರಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದರು. ಅಲ್ಲಿಯ ಚಿಕ್ಕ ವಿಮಾನವೊಂದು ಬೆಳಿಗ್ಗೆ ನಮ್ಮ ಶಾಲೆಯ ಮೇಲೆ ಕೆಮ್ಮುತ್ತ ಹೋಯಿತು. ಆಮೇಲೆ ಸದ್ದೇ ಇಲ್ಲ. ತೊಗರಿ ಹೊಲದಲ್ಲಿ ಬಿದ್ದಿದೆ ಎಂದು ಯಾರೋ ಕೂಗಿದರು. ಗುರುಗಳು ಬೇಡ ಬೇಡ ಎನ್ನುತ್ತಲೇ ತಾವೂ ಓಡಿದರು. ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಕಲಿಯುತ್ತಿದ್ದ ಹುಡುಗನನ್ನು ಹೊಲದವರು ಹೊರಸಿನ ಮೇಲೆ ಮಲಗಿಸಿ ಹೊತ್ತೊಯ್ದಿದ್ದರು. ಕಾಲು ಮುರಿದಿತ್ತಂತೆ, ಜೀವಕ್ಕೆ ಅಪಾಯವಿರಲಿಲ್ಲ. ಪೊಲೀಸರು ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸಿದ್ದರು. ನನಗೆ ಕಂಡದ್ದು ಮೇಲೆದ್ದ ಬಾಲ, ಮೂಗಿಗೆ ಬಂದದ್ದು ಪೆಟ್ರೋಲು ಮತ್ತು ಜಜ್ಜಿದ ಹಸಿ ತೊಗರಿಯ ವಾಸನೆ. ಇಷ್ಟೇ. ಇದಕ್ಕಿಂತ ಒಂದು ಚೂರೂ ಹೆಚ್ಚು ನಾನು ನೋಡಲಿಲ್ಲ.

ಮಧ್ಯಾಹ್ನ ಕಾಲೊನಿಯ ನಲ್ಲಿಯ ಹತ್ತಿರ ಎಲ್ಲರೂ ಸೇರಿದ್ದರು. ಕೊಡಗಳು ತುಂಬಿ ಹರಿಯುತ್ತಿದ್ದವು, ಎತ್ತುವವರಿಲ್ಲ.

“ಕಲಿಯೋ ಹುಡುಗ, ಯಾವುದೋ ಮಾಳಿಗಿ ಮ್ಯಾಲಿನ ಹುಡುಗೀನ ನೋಡಿರಬೇಕು,” ಅಂದ ಒಬ್ಬ.

“ನಿನ್ನಂಗ ಅಂತ ತಿಳಿದಿಯೇನು ಎಲ್ಲಾರನ್ನೂ?” ಅವನ ಹೆಂಡತಿಯೇ ಅಂದಳು. ಎಲ್ಲರೂ ನಕ್ಕರು.

ರಸಿಕಭಾಯಿಯ ತಾಯಿಯದು ಬೇರೆ ವಾದ. ಉತ್ತರಾಯಣಕ್ಕೆ ಮುಂಚಿನ ಒಂದು ತಿಂಗಳು ಗುಜರಾತಿನಲ್ಲಿ ಶುಭಕಾರ್ಯ ಮಾಡುವುದಿಲ್ಲ. “ಈ ತಿಂಗಳದಾಗ ನಾವು ಹೊಸ ಕಸಬರಿಗಿ ಸೈತ ತರೂದಿಲ್ಲ. ಇವರು ವಿಮಾನ ಹಾರಿಸ್ತಾರ,” ಅಂದಳು ಮುದುಕಿ.

ರಸಿಕಭಾಯಿಗೆ ಇದಾವುದೂ ಸಮಾಧಾನವಾಗಲಿಲ್ಲ. ನನ್ನ ಕಡೆ ತಿರುಗಿದ. “ಏ ಮದ್ರಾಸಿ, ನೀ ಹೋಗಿದ್ದೆಲ್ಲ? ಏನು ನೋಡಿದಿ?”

ಅಷ್ಟು ಮಂದಿ ದೊಡ್ಡವರು ಒಮ್ಮೆಲೇ ನನ್ನ ಬಾಯಿ ನೋಡಿದ್ದು ಅದೇ ಮೊದಲು. ಹಸ್ಮುಖನೂ ನೋಡುತ್ತಿದ್ದ. ಬಾಲ ನೋಡಿದೆ ಎಂದರೆ ಅವರ ಕಣ್ಣು ಮತ್ತೆ ಬೇರೆ ಕಡೆ ಹೋಗುತ್ತಿತ್ತು. ನಾನು ಗುಜರಾತಿಯಲ್ಲೇ ಅಂದೆ: “ವಿಮಾನದ ಮೂತಿಯ ಪಂಖಾಕ್ಕೆ ದಾರ ಸುತ್ತಿತ್ತು. ಹಸಿರು ದಾರ.”

ನಾಲಿಗೆ ಒಂದು ಸಲವೂ ತೊಡರಲಿಲ್ಲ.

ಸಂಜೆಯೊಳಗೆ ಆ ದಾರ ಇಪ್ಪತ್ತು ಮೊಳವಾಯಿತು. ಮರುದಿನ ಅದು ವಿಮಾನದ ಪಂಖಾವನ್ನೇ ಕತ್ತರಿಸಿತ್ತು. ನನ್ನನ್ನು ಮನೆಮನೆಗೆ ಕರೆದು ಕೇಳಿದರು. ಒಂದು ಮನೆಯಲ್ಲಿ ಚಿಕ್ಕಿ ಕೊಟ್ಟರು, ಇನ್ನೊಂದರಲ್ಲಿ ಜಿಲೇಬಿ. ಹಸ್ಮುಖ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗಿದ. ಮೂರನೆಯ ದಿನ ಠಾಣೆಯ ಜಮಾದಾರ ಬಂದು ಮಂಜುಮಾಸಿಯ ಎರಡು ಫಿರ್ಕಿ ಎತ್ತಿಕೊಂಡು ಹೋದ. ಅವತ್ತೇ ತಾಯಂದಿರು ಮಕ್ಕಳಿಗೆ, ಅವಳ ಕಡೆ ದಾರ ತರಬೇಡಿ ಎಂದರು. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಅವಳ ಕಂಬಗಳನ್ನು ಯಾರೋ ಕಿತ್ತು ಗಟಾರಕ್ಕೆ ಎಸೆದಿದ್ದರು. ಬಣ್ಣದ ಡಬ್ಬಿ ಮಗುಚಿ ಮಣ್ಣೆಲ್ಲ ಹಸಿರಾಗಿತ್ತು. ಅವಳು ಅದರ ಪಕ್ಕದಲ್ಲಿ ಕೂತಿದ್ದಳು. ನಾನು ಗೋಡೆಗುಂಟ ಸರಿದು ಶಾಲೆಗೆ ಹೋದೆ.

ಹಬ್ಬದ ದಿನ ಬೆಳಗು ಹರಿಯುವಾಗ ಅವ್ವ ಕುಸುರೆಳ್ಳು ಮಾಡಲು ಕೂತಿದ್ದಳು. ನಮ್ಮ ಕಡೆಯವರಿಗೆ ಗೊತ್ತು, ಚಳಿ ಇದ್ದಾಗಲೇ ಅದಕ್ಕೆ ಸಕ್ಕರೆಯ ಮುಳ್ಳು ಏಳುವುದು. ಸಣ್ಣ ಕೆಂಡದ ಶೇಗಡಿ, ಅದರ ಮೇಲೆ ಹಿತ್ತಾಳೆ ಬುಟ್ಟಿ, ಬುಟ್ಟಿಯಲ್ಲಿ ಎಳ್ಳು. ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಬಿಡುತ್ತ ಬೆರಳಿನಿಂದ ಆಡಿಸುತ್ತಲೇ ಇರಬೇಕು. ಪ್ರತಿ ವರ್ಷ ಪಾಕ ಬಿಡುವುದು ನನ್ನ ಪಾಲು. ಆ ದಿನ ನನ್ನ ಚಮಚದ ಪಾಕ ಎಳ್ಳಿಗೆ ಬೀಳದೆ ಕೆಂಡಕ್ಕೆ ಬಿತ್ತು.

“ಲಕ್ಷ್ಯ ಎಲ್ಲೈತಿ?” ಅವ್ವ ಕೇಳಿದಳು.

“ಅವ್ವಾ, ನಾ ದಾರ ನೋಡಿಲ್ಲ.”

ಅವ್ವನ ಬೆರಳು ನಿಂತಿತು. ಎಳ್ಳು ಸೀಯುವ ವಾಸನೆ ಬಂದಾಗ ಮತ್ತೆ ಆಡಿಸತೊಡಗಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ನನ್ನ ಕೈಯ ಚಮಚ ತೆಗೆದುಕೊಂಡು ಉಳಿದ ಪಾಕವನ್ನು ತಾನೇ ಬಿಟ್ಟು ಮುಗಿಸಿದಳು. ಆಮೇಲೆ ದೇವರ ಮುಂದೆ ನಾಲ್ಕು ಕಾಳು ಇಟ್ಟು, ಉಳಿದದ್ದರಲ್ಲಿ ಒಂದು ಡಬ್ಬಿ ತುಂಬಿ ನನ್ನ ಕೈಗೆ ಕೊಟ್ಟಳು. ನಮ್ಮಲ್ಲಿ ಸಂಕ್ರಮಣದ ದಿನ ಚಿಕ್ಕವರು ದೊಡ್ಡವರಿಗೆ ಕುಸುರೆಳ್ಳು ಕೊಟ್ಟು ಕಾಲಿಗೆ ನಮಸ್ಕಾರ ಮಾಡುವುದುಂಟು. ಮಾತು ಬಿಟ್ಟವರೂ ಆ ದಿನ ಮಾತಾಡುತ್ತಾರೆ.

“ಮೊದಲ ಆಕಿಗೆ ಕೊಟ್ಟು ಬಾ.”

“ನೀನೂ ಬಾ.”

“ಸುಳ್ಳು ಹೇಳೂಮುಂದ ನಾ ಜೋಡಿ ಇದ್ದೆನೇನು?”

ಮಾಸಿಯ ಗುಡಿಸಲು ರೈಲು ಹಳಿ ದಾಟಿದರೆ ಸಿಗುತ್ತಿತ್ತು. ಅವಳು ಬಾಗಿಲಲ್ಲಿ ಕೂತು ಮಾರಾಟವಾಗದ ಫಿರ್ಕಿಗಳಿಗೆ ಗೋಣಿಚೀಲ ಹೊದಿಸುತ್ತಿದ್ದಳು. ಡಬ್ಬಿ ಕೊಟ್ಟೆ. ಕಾಲು ಮುಟ್ಟಿದೆ. ಹೇಳಿದೆ. ಅವಳು ನಾಲ್ಕು ಕುಸುರೆಳ್ಳು ಬಾಯಿಗೆ ಹಾಕಿಕೊಂಡು ನಿಧಾನ ಅಗಿದಳು.

“ಮುಳ್ಳು ಇದ್ದರೂ ಚುಚ್ಚೂದಿಲ್ಲಲ್ಲ,” ಅಂದಳು. ಆಮೇಲೆ, “ನನಗ ಹೇಳಿದಿ. ನಾ ಒಬ್ಬಾಕಿ. ಆ ಸುಳ್ಳು ಎಷ್ಟು ಮಂದಿಗೆ ಹೇಳಿದ್ದಿ?”

“ಎಲ್ಲಾರಿಗೂ.”

“ಹಂಗಾದರ ಎಲ್ಲಾರೂ ಈಗ ರಸಿಕಭಾಯಿ ಮಾಳಿಗಿ ಮ್ಯಾಲೆ ಅದಾರ. ಹೋಗು.”

ನಾನು ಹೋಗಲಿಲ್ಲ. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದದ್ದು ಇದೇ. ಸುಳ್ಳು ಹೇಳಿದವನು ಹತ್ತು ವರ್ಷದ ಹುಡುಗ, ಆಸೆಗೆ ಬಿದ್ದು ಹೇಳಿದ ಎಂದು ನೀವು ಕ್ಷಮಿಸಬಹುದು. ಆದರೆ ತಿಳಿದ ಮೇಲೂ, ಅವಳ ಮುಖ ನೋಡಿದ ಮೇಲೂ ನಾನು ಕಾಲೊನಿಯ ನೀರಿನ ಟಾಕಿಯ ಹಿಂದೆ ಹೋಗಿ ಕೂತೆ. ಹಬ್ಬದ ಮೊದಲ ದಿನದ ಮಾರಾಟವೇ ಮಾರಾಟ. ದಾರ ಕಡಿದುಕೊಂಡವರು ಗಳಿಗೆಗೊಮ್ಮೆ ಕೆಳಗೆ ಓಡಿ ಹೊಸ ಫಿರ್ಕಿ ತರುತ್ತಾರೆ. ಮೇಲಿನಿಂದ ‘ಕಾಪ್ಯೋ ಛೇ’, ಅಂದರೆ ಕತ್ತರಿಸಿದೆ, ಎಂಬ ಕೂಗು ಕೇಳುತ್ತಿತ್ತು. ಒಂದೊಂದು ಕೂಗಿಗೂ ಒಬ್ಬ ಹುಡುಗ ಗೇಟು ದಾಟಿ, ದೂರದ ಗುಲಾಬಿ ದಾರದವನ ಕಡೆ ಓಡುತ್ತಿದ್ದ. ನಾನು ಸಂಜೆಯವರೆಗೆ ಅದನ್ನು ನೋಡುತ್ತ ಕೂತಿದ್ದೆ.

ಮನೆಗೆ ಹೋದಾಗ ಅವ್ವ ಕೇಳಿದಳು, “ಹೇಳಿದಿ?”

“ಮಾಸಿಗೆ ಹೇಳಿದೆ.”

ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ನಾನು ಅರ್ಧಕ್ಕೇ ಎದ್ದೆ.

ಅಲ್ಲಿ ಹಬ್ಬದ ಮರುದಿನವೂ ಗಾಳಿಪಟ ಹಾರಿಸುತ್ತಾರೆ. ಆ ಬೆಳಿಗ್ಗೆ ನಾನು ರಸಿಕಭಾಯಿಯ ಮಾಳಿಗೆ ಹತ್ತಿದೆ. ಅಲ್ಲಿ ಹೆಂಗಸರು ಬೋರೆಹಣ್ಣು, ಕಬ್ಬು ಹಂಚುತ್ತಿದ್ದರು. ಹಸ್ಮುಖ ನನ್ನನ್ನು ನೋಡಿ, “ಬಾ, ಇವತ್ತು ನೀನೇ ಹಾರಿಸು,” ಎಂದು ದಾರವನ್ನೇ ನನ್ನ ಬೆರಳಿಗೆ ಕೊಟ್ಟ. ಇಷ್ಟು ದಿನ ಬಯಸಿದ್ದು ಕೈಯಲ್ಲಿತ್ತು. ಮೇಲೆ ಗಾಳಿಪಟ ಜೀವವಿದ್ದ ಹಾಗೆ ಎಳೆಯುತ್ತಿತ್ತು. ನಾನು ದಾರವನ್ನು ಅವನಿಗೇ ವಾಪಸು ಕೊಟ್ಟು, ನನ್ನ ತೊದಲು ಗುಜರಾತಿಯಲ್ಲಿ ಅಂದೆ: ನಾನು ಯಾವ ದಾರವನ್ನೂ ನೋಡಿಲ್ಲ, ಹಗ್ಗದ ಆಚೆ ನಿಂತಿದ್ದೆ, ಬಾಲ ಮಾತ್ರ ಕಂಡಿತು, ಸುಳ್ಳು ಹೇಳಿದೆ.

ಹಸ್ಮುಖನ ಗಾಳಿಪಟವನ್ನು ಯಾರೋ ಕತ್ತರಿಸಿದರು, ಅವನು ನನ್ನನ್ನೇ ನೋಡುತ್ತಿದ್ದ.

ಮೊದಲು ಮಾತಾಡಿದವಳು ಮುದುಕಿ, ಮಗನ ಕಡೆ ತಿರುಗಿ. “ನೀನೂ ನೋಡೀನಿ ಅಂತ ಜಮಾದಾರಗ ಹೇಳಿದೆಲ್ಲೋ ರಸಿಕ?”

ರಸಿಕಭಾಯಿ ಕಬ್ಬಿನ ತುಂಡನ್ನು ಬಾಯಿಂದ ತೆಗೆದ. “ಹುಡುಗ ನೋಡ್ಯಾನಲ್ಲ ಅಂತ...” ಅಂದ. ಇನ್ನೊಬ್ಬ ತನ್ನ ಚಪ್ಪಲಿ ನೋಡಿಕೊಂಡ. ಆಗ ನನಗೆ ತಿಳಿಯಿತು, ಅಲ್ಲಿದ್ದ ಅರ್ಧ ಮಂದಿ ನನ್ನ ಸುಳ್ಳಿಗೆ ತಮ್ಮದೊಂದಿಷ್ಟು ಮೊಳ ಸೇರಿಸಿದ್ದರು.

ನನ್ನನ್ನು ಯಾರೂ ಹೊಡೆಯಲಿಲ್ಲ. ರಸಿಕಭಾಯಿ ಇಳಿದು ಹೋದ, ಅವನ ಹಿಂದೆ ನಾಲ್ಕೈದು ಜನ. ಗಟಾರದಿಂದ ಕಂಬ ಎತ್ತಿ ತೊಳೆದು ನೆಟ್ಟರು. ಮುದುಕಿ ತಾನೇ ಹಳಿ ದಾಟಿ ಹೋಗಿ ಮಾಸಿಯನ್ನು ಕರೆತಂದಳು. ಅರ್ಧ ದಿನದಲ್ಲಿ ಎಷ್ಟು ಮಾರಲು ಸಾಧ್ಯವೋ ಅಷ್ಟು ಮಾರಾಟವಾಯಿತು. ಉಳಿದದ್ದು ಉಳಿಯಿತು. ಎಂಜಿನ್ನಿಗೆ ಪೆಟ್ರೋಲು ಹೋಗುವ ನಳಿಕೆ ಕಟ್ಟಿಕೊಂಡಿತ್ತೆಂದು ತಿಂಗಳ ಮೇಲೆ ಪೇಪರಿನಲ್ಲಿ ಬಂದಾಗ ಅದನ್ನು ಓದುವ ಆಸಕ್ತಿ ಯಾರಿಗೂ ಇರಲಿಲ್ಲ.

ಆ ಸಂಜೆ ಮಾಸಿ ಅಂಗೈಯ ಬಟ್ಟೆ ಬಿಚ್ಚುತ್ತಿದ್ದಾಗ ಹತ್ತಿರ ಹೋಗಿ ಕೇಳಿದೆ. “ನಿನ್ನೆನೇ ನೀವು ಬಂದು ಹೇಳಬಹುದಿತ್ತಲ್ಲ, ಈ ಹುಡುಗ ಸುಳ್ಳು ಹೇಳ್ಯಾನ ಅಂತ.”

“ನಾ ಹೇಳಿದರ ಯಾರು ನಂಬತಿದ್ದರು?” ಅಂದಳು. ಬಟ್ಟೆ ಜಾಡಿಸಿ ಹೆಗಲಿಗೆ ಹಾಕಿಕೊಂಡು, “ಮತ್ತ ನಾನೇ ಹೇಳಿಬಿಟ್ಟಿದ್ದರ ನಿನಗ ಏನು ಉಳೀತಿತ್ತು ಬೇಟಾ?” ಅಂದಳು.

ಅಂದರೆ ಹಬ್ಬದ ಮೊದಲ ದಿನವನ್ನು, ತನ್ನ ವರ್ಷದ ಗಳಿಕೆಯ ದಿನವನ್ನು, ಅವಳು ನನಗಾಗಿ ಕಾದು ಕಳೆದಿದ್ದಳು. ನಾನು ಟಾಕಿಯ ಹಿಂದೆ ಕೂತಿದ್ದೆ. ಇದನ್ನು ಅವಳಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಇಷ್ಟು ವರ್ಷಗಳ ಮೇಲೆ ನಿಮಗೆ ಹೇಳುತ್ತಿದ್ದೇನೆ.

ಎರಡು ವರ್ಷದಲ್ಲಿ ಅಪ್ಪನಿಗೆ ಸೂರತ್ತಿಗೆ ವರ್ಗವಾಯಿತು. ಮೆಟ್ರಿಕ್ ಮುಗಿಸಿ ನಾನೂ ರೈಲ್ವೆ ಸೇರಿದೆ. ಕೆಲಸದ ಮೇಲೆ ವಡೋದರಾಕ್ಕೆ ಹೋದಾಗ ಹಳಿಯ ಆಚೆ ಹುಡುಕಿದೆ. ಗುಡಿಸಲುಗಳಿದ್ದ ಜಾಗದಲ್ಲಿ ಗೋದಾಮು ಎದ್ದಿತ್ತು. ಅವಳ ಹೆಸರು ಹೇಳಿದರೆ ಗುರುತಿಸುವವರಿರಲಿಲ್ಲ. ಅಲ್ಲಿಂದೀಚೆಗೆ ಕಣ್ಣಾರೆ ಕಾಣದ್ದನ್ನು ಕಂಡೆ ಎಂದು ನಾನು ಹೇಳಿಲ್ಲ. ಅದು ನನ್ನ ಗುಣವಲ್ಲ, ಅವ್ವ, ಮಾಸಿ, ಆ ಇಬ್ಬರು ಹೆಂಗಸರು ಕೊಟ್ಟದ್ದು.

ಈಗ ಅಹಮದಾಬಾದಿನ ಬಡಾವಣೆಯಾದ ಬೋಪಾಲ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಈಚೆಗೆ ಈ ಊರಿನಲ್ಲಿ ವಿಮಾನ ಬಿದ್ದ ದಿನ, ಸತ್ತವರ ಮನೆಗಳ ದುಃಖ ಇನ್ನೂ ಹಸಿಯಾಗಿರುವಾಗಲೇ, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಕಾರಣಗಳು ಸುರಿಯತೊಡಗಿದವು. ‘ನಾನೇ ನೋಡಿದೆ’ ಎಂದು ಒಬ್ಬರು ಬರೆದಿದ್ದರು. ಯಾರು ಬರೆದದ್ದೆಂದು ಮಗಳನ್ನು ಕೇಳಿದೆ. “ಗೊತ್ತಿಲ್ಲಪ್ಪ, ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದದ್ದು,” ಅಂದಳು. ಅದು ನಿಜವೋ ಸುಳ್ಳೋ ನನಗೆ ತಿಳಿಯದು. ಸುಳ್ಳಾಗಿದ್ದರೆ, ಬರೆದವನಿಗೆ ನಾಳೆ ಮನಸ್ಸು ಚುಚ್ಚಿದರೆ, ಅವನು ಯಾವ ಮಾಳಿಗೆ ಹತ್ತಬೇಕು? ಯಾರ ಕಾಲು ಮುಟ್ಟಬೇಕು? ನನ್ನ ಸುಳ್ಳು ಎಷ್ಟೇ ಓಡಿದರೂ ಆ ಕಾಲೊನಿಯ ಗೇಟು, ಆ ರೈಲು ಹಳಿ ಇವುಗಳ ಸುತ್ತಲೇ ಇತ್ತು. ಒಂದು ದಿನ ತಡವಾಗಿಯಾದರೂ ನನ್ನ ಪುಟ್ಟ ಕಾಲಿನಲ್ಲೇ ನಡೆದುಹೋಗಿ ಅದನ್ನು ವಾಪಸು ತರಲು ಆಯಿತು.